ಸದ್ದಿಲ್ಲದ ಏಳನೇ ರೀಲು

ಏಳನೇ ರೀಲಿನ ಸದ್ದು ಕೆಟ್ಟಿತ್ತು. ಫಿಲ್ಮಿನ ಅಂಚಿಗೆ ಬೂಷ್ಟು ಹಿಡಿದು, ಹಾಡು ಬರಬೇಕಾದ ಕಡೆ ಬರೀ ಕೊರಕೊರ. ಮ್ಯಾಟಿನಿಗೆ ಇನ್ನೆರಡು ಗಂಟೆ.

"ಕಿತ್ತುಹಾಕಿ ಅದನ್ನ," ಅಂದರು ಟಾಕೀಸಿನ ಯಜಮಾನರು. "ಜನ ಬರೋದು ಹಾಡು ಕೇಳೋಕೆ. ಹಾಡಿಲ್ಲದ ಮೇಲೆ ಆ ಗಾಯಕನ ಮುಖ ನೋಡ್ಕೊಂಡು ಕೂತಿರ್ತಾರಾ?"

ಆ ಗಾಯಕನ ಕಂಠ ಕೇಳದ ಮನೆಯಿಲ್ಲ. ಅವನು ನಟಿಸಿದ್ದು ಇದೊಂದೇ, ಕಪ್ಪು ಬಿಳುಪಿನ ಕೊಲೆ ಚಿತ್ರ. ಅದನ್ನೂ ಎಲ್ಲರೂ ಕಿವಿಯಿಂದಲೇ ನೋಡಿದ್ದರು.

ಕೀಳುವ ಮೊದಲು ಫಿಲ್ಮಿನ ತುಂಡುಗಳನ್ನು ಅಂಟಿಸಿದ ಜಾಗಗಳನ್ನು ಪರೀಕ್ಷಿಸುವುದು ರೀಲು ಓಡಿಸುವ ನಮ್ಮ ಪದ್ಧತಿ. ಸದ್ದು ಆರಿಸಿ, ಮೇಜಿನ ಪುಟ್ಟ ಗಾಜಿನ ತೆರೆಯ ಮೇಲೆ ಓಡಿಸುತ್ತೇವೆ; ಸದ್ದಿದ್ದರೆ ಕಣ್ಣು ಸೋಮಾರಿಯಾಗುತ್ತದೆ. ಪಕ್ಕದಲ್ಲಿ ನನ್ನ ಜೊತೆ ಕೆಲಸ ಮಾಡುವ ಓರಗಿತ್ತಿ, ಅವನ ಪರಮ ಭಕ್ತೆ.

ಹೆಂಡದಂಗಡಿಯವನ ವೇಷದಲ್ಲಿ ಅವನು ಲೋಟ ಒರೆಸುತ್ತ ಹಾಡುತ್ತಿದ್ದ. ಎದುರಿಗೆ ಪೊಲೀಸು. ಕೊಲೆ ಮಾಡಿದ ಇವನ ತಂಗಿ ಒಳಕೋಣೆಯ ಕಿಟಕಿಯಿಂದ ಪಾರಾಗಬೇಕು. ಅವನ ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಒಳಗೆ ಕಿಟಕಿ ಕಿರುಗುಟ್ಟಿರಬೇಕು, ಅವನ ಕತ್ತಿನ ನರವೊಂದು ಸೆಟೆಯಿತು. ಬಾಯಿ ಇನ್ನಷ್ಟು ಅಗಲವಾಯಿತು.

"ಅಕ್ಕಾ, ಇವನು ಹಾಡ್ತಾ ಇಲ್ಲ. ಕಿಟಕಿ ಸದ್ದು ಮುಚ್ಚಿಡ್ತಾ ಇದಾನೆ!"

"ಇಪ್ಪತ್ತು ಸಲ ನೋಡಿದ್ದೀಯಲ್ಲೇ?"

"ಎಲ್ಲಿ ನೋಡಿದೆ? ತಲೆದೂಗ್ತಾ ಕೂತಿದ್ದೆ."

ಕದ್ದು ಮಾಡುವ ಬುದ್ಧಿ ನನಗಿಲ್ಲ. ರೀಲು ಕೀಳುವುದಿಲ್ಲ, ಸದ್ದಿಲ್ಲದೆ ಓಡಿಸೋಣ ಎಂದು ಯಜಮಾನರಿಗೇ ಹೇಳಿದೆ.

"ಜನ ಗಲಾಟೆ ಮಾಡಿದ್ರೆ ದೀಪ ಹಾಕಿ ನಿಲ್ಲಿಸಿಬಿಡ್ತೀನಿ. ನಾಳೆಯಿಂದ ನೀವಿಬ್ರೂ ಮನೇಲಿ ಬಟ್ಟೆ ಹೊಲ್ಕೊಂಡಿರಿ."

"ನಮ್ಮಕ್ಕ ಹೊಲಿದ ಬಟ್ಟೇಲಿ ತಲೆ ಎಲ್ಲಿ ತೂರಿಸ್ಬೇಕು ಅನ್ನೋದೇ ಗೊತ್ತಾಗಲ್ಲ, ಸ್ವಾಮಿ," ಅಂದಳು ಓರಗಿತ್ತಿ. ಅವರು ನಗಲಿಲ್ಲ.

ಯಂತ್ರದ ಕೋಣೆಯ ಕಿಂಡಿಗೆ ಮೂವರೂ ಮುಖವಿಟ್ಟೆವು. ಏಳನೇ ರೀಲು ಬಂದಾಗ ಸ್ಪೀಕರು ಆರಿಸಿದೆ. ಕೆಳಗೆ ಗುಜುಗುಜು ಎದ್ದಿತು.

"ಏಯ್, ಸೌಂಡ್!"

ಯಾರೋ ಸಿಳ್ಳೆ ಹೊಡೆದರು. ಯಜಮಾನರ ಬೆರಳು ದೀಪದ ಸ್ವಿಚ್ಚಿಗೆ ಹೋಯಿತು. ಓರಗಿತ್ತಿಯ ಉಗುರು ನನ್ನ ಮೊಣಕೈಗೆ ನಾಟಿತು.

ತೆರೆಯ ಮೇಲೆ ಪೊಲೀಸು ಒಳಕೋಣೆಯತ್ತ ತಿರುಗತೊಡಗಿದ. ಗಾಯಕ ಹಾಡುತ್ತಲೇ ಅವನ ಲೋಟಕ್ಕೆ ಹೆಂಡ ಸುರಿದ. ಲೋಟ ತುಂಬಿತು. ಚೆಲ್ಲಿತು. ಪೊಲೀಸಿನವನ ತೋಳು ನೆನೆದರೂ ಸುರಿಯುತ್ತಲೇ ಇದ್ದ. ಗಾಯಕನ ಕಣ್ಣು ಮಾತ್ರ ಒಳಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ. ಕೆಳಗೆ ಒಂದು ಕೆಮ್ಮೂ ಇಲ್ಲ.

"ರೀ," ಈ ಚಿತ್ರವನ್ನು ಹತ್ತು ವರ್ಷ ಓಡಿಸಿದ ಯಜಮಾನರು ಪಿಸುಗುಟ್ಟಿದರು, "ತಂಗಿ ತಪ್ಪಿಸ್ಕೋತಾಳಾ?"

"ಸ್ವಿಚ್ಚಿಂದ ಕೈ ತೆಗೀರಿ," ಅಂದೆ, "ಗೊತ್ತಾಗುತ್ತೆ."