ಹತ್ತು ದಿನದ ಕಡ್ಡಾಯ ರಜೆ

ನಮ್ಮ ಉಳಿತಾಯ ಬ್ಯಾಂಕಿನಲ್ಲಿ ಬಾಂಡು, ಷೇರು ಕೊಳ್ಳುವ ಮಾರುವ ಕೆಲಸದವರು ವರ್ಷಕ್ಕೊಮ್ಮೆ ಸತತ ಹತ್ತು ಕೆಲಸದ ದಿನ ಕಚೇರಿಯೊಳಗೆ ಕಾಲಿಡುವಂತಿಲ್ಲ. ಆಗ ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಏನಾದರೂ ಬಚ್ಚಿಟ್ಟಿದ್ದರೆ ಆ ಹತ್ತು ದಿನದಲ್ಲಿ ಹೊರಗೆ ಬೀಳುತ್ತದೆ ಎಂಬುದು ಕಾನೂನು ಮಾಡುವ ಬರ್ಲಿನಿನವರ ನಂಬಿಕೆ. ಈ ಕೆಲಸದಲ್ಲಿ ನಮಗೆಲ್ಲ ಹಿರಿಯರಾದ ಹೆರ್ ವೀಡೆಕಾಂಪ್ ಮೂವತ್ತೆಂಟು ವರ್ಷದಲ್ಲಿ ಬಚ್ಚಿಟ್ಟಿದ್ದು ಒಂದೇ: ಮನೆಯಲ್ಲಿ ತಮಗೆ ಮಾತಾಡಲು ಯಾರೂ ಇಲ್ಲ ಎನ್ನುವುದು.

ನಿವೃತ್ತಿಗೆ ಮೂರು ವಾರ ಉಳಿದಿತ್ತು. ಎರಡು ವಾರ ಈ ರಜೆ, ಕೊನೆಯ ವಾರ ಕೆಲಸ, ಶುಕ್ರವಾರ ಬೀಳ್ಕೊಡುಗೆ. ನಮ್ಮಲ್ಲಿ ಹೋಗುವವರೇ ಕೇಕು ತರಬೇಕು. "ಪ್ಲಮ್ ಹಣ್ಣಿಂದು, ನಾನೇ ಬೇಯಿಸ್ತೀನಿ. ಎಲ್ರೂ ಒಟ್ಟಿಗೆ ಕೂತು ತಿನ್ಬೇಕು" ಎಂದು ಜೂನಿನಿಂದಲೇ ಹೇಳುತ್ತಿದ್ದರು.

"ಇದು ರಜೆ ಅಲ್ಲ ಬ್ರಿಂಕ್‌ಹೂಸ್, ಸಜೆ" ಎಂದು ಕೀಲಿಯನ್ನು ನನ್ನ ಕೈಗಿಟ್ಟು ಹೋದರು.

ಮೂರನೇ ದಿನಕ್ಕೇ ಮುಂದಿನ ಹಜಾರಕ್ಕೆ ಬಂದರು. ಅಲ್ಲಿಗೆ ಗ್ರಾಹಕರು ಬರಬಹುದು, ಅವರದೂ ಖಾತೆಯಿದೆ. ಯಂತ್ರದಲ್ಲಿ ಪಾಸ್‌ಬುಕ್ ಮುದ್ರಿಸಿಕೊಂಡರು. ಮರುದಿನ ಮತ್ತೆ ಬಂದರು.

"ನಿನ್ನೆಯಿಂದ ಇವತ್ತಿಗೆ ಏನ್ರೀ ಬದಲಾಗಿದೆ?" ಎಂದಳು ಕೌಂಟರಿನ ರೋಸ್ವಿಟಾ.

"ತಾರೀಖು" ಎಂದರು.

ಒಂಬತ್ತನೇ ದಿನ, ಗುರುವಾರ, ಅವರು ಹಜಾರದಲ್ಲಿದ್ದಾಗಲೇ ಹನ್ನೆರಡು ಹೊಡೆಯಿತು. ಆ ಹೊತ್ತಿಗೆ ಎದುರು ಸಿಕ್ಕವರಿಗೆಲ್ಲ "ಮಾಲ್‌ತ್ಸೈಟ್!" ಎನ್ನಬೇಕು, ಅದು ಊಟದ ಹೊತ್ತಿನ ನಮಸ್ಕಾರ. ನಾನು ಅಂದೆ, ಅವರು ಅಂದರು. ಮರ್ಯಾದೆಗೆಂದು ಕಚೇರಿಯ ಗಾಜಿನ ಬಾಗಿಲನ್ನು ಮೊಣಕೈಯಲ್ಲಿ ಹಿಡಿದುಕೊಂಡೆ. ಮೂವತ್ತೆಂಟು ವರ್ಷದ ಕಾಲುಗಳು ತಾವಾಗಿ ಒಳಗೆ ನಡೆದವು. ಅಡುಗೆಕೋಣೆಯಲ್ಲಿ ತಮ್ಮ ಕುರ್ಚಿಯಲ್ಲೇ ಕೂತು ಬಟಾಣಿ ಸೂಪನ್ನು ಅರ್ಧ ಬಟ್ಟಲು ಕುಡಿದರು. ನಕ್ಕರು ಕೂಡ.

"ಅಯ್ಯಯ್ಯೋ! ನಿಮಗಿವತ್ತು ಎಷ್ಟನೇ ದಿನ?" ಎಂದಳು ರೋಸ್ವಿಟಾ.

ಚಮಚ ನಿಂತಿತು. "ಒಂಬತ್ತು." ಆಮೇಲೆ, "ಅಲ್ಲ. ನಾಳೆಯಿಂದ ಒಂದು."

ಪೆನ್ನು ಮರೆತೆನೆಂದು ಒಳಗೆ ಬಂದರೂ ಎಣಿಕೆ ಮತ್ತೆ ಒಂದರಿಂದ ಎಂಬ ಸಾಲನ್ನು ನಮ್ಮ ಕೈಪಿಡಿಗೆ ಬರೆದವರು ಅವರೇ. ಎರಡು ವರ್ಷದ ಹಿಂದೆ ಎಂಟನೇ ದಿನ ಛತ್ರಿ ತೆಗೆದುಕೊಳ್ಳಲು ಬಂದ ನನ್ನನ್ನು ಅದೇ ಸಾಲು ತೋರಿಸಿ ಮನೆಗಟ್ಟಿದ್ದರು. ಈಗ ಹೊಸ ಹತ್ತು ಮುಗಿಯುವ ಮೊದಲೇ ಅವರ ನೌಕರಿ ಮುಗಿಯುತ್ತದೆ. ಕೊನೆಯ ವಾರವೂ ಇಲ್ಲ, ಒಟ್ಟಿಗೆ ಕೂರುವ ಶುಕ್ರವಾರವೂ ಇಲ್ಲ.

"ಏನೇ ಆದ್ರೂ ಇಬ್ಬರ ನಾಲ್ಕು ಕಣ್ಣು ನೋಡ್ಬೇಕು ಅಂತಲ್ವಾ ಕಾನೂನು?" ಎಂದಳು ರೋಸ್ವಿಟಾ. "ನಂದೆರಡು, ಇವನದೆರಡು. ನಾಲ್ಕನ್ನೂ ಮುಚ್ಕೋತೀವಿ. ಸೂಪು ಮುಗಿಸಿ ಎದ್ದುಹೋಗಿ."

"ಮುಚ್ಚಿದ ಕಣ್ಣಿಂದಾನೇ, ತಾಯಿ, ಬ್ಯಾಂಕುಗಳ ಬಾಗ್ಲು ಮುಚ್ಚೋದು" ಎಂದರು.

ನಮೂನೆ ತರಿಸಿ ತಮ್ಮ ತಪ್ಪನ್ನು ತಾವೇ ಬರೆದರು. ಎರಡನೇ ಸಹಿಗೆ ನನ್ನತ್ತ ತಳ್ಳಿದರು. "ಛತ್ರಿ ನೆನಪಿದೆ ತಾನೆ? ಹಾಕಯ್ಯ."

ಬಾಗಿಲು ಹಿಡಿದವನು ನಾನು ಎನ್ನಬಹುದಿತ್ತು. ಅನ್ನಲಿಲ್ಲ. ಸಹಿ ಹಾಕುವಾಗ ಆ ಛತ್ರಿ ನೆನಪಾಗಿ ಮನಸ್ಸಿಗೆ ಒಂದು ಚೂರು ಸಿಹಿಯಾಯಿತು. ಸುಳ್ಳು ಯಾಕೆ ಹೇಳಲಿ?

ಮುಂದಿನ ಶುಕ್ರವಾರ, ಹೊಸ ಎಣಿಕೆಯ ಆರನೇ ದಿನ, ಕೋಟು ತೊಟ್ಟು ಕೇಕಿನ ತಟ್ಟೆ ಹಿಡಿದು ಹಜಾರಕ್ಕೆ ಬಂದರು. ಗಾಜಿನ ಬಾಗಿಲಿಗೆ ಒಂದು ಗೇಣು ಮೊದಲೇ ನಿಂತರು.

"ನೀವು ಒಳಗೆ ಬರೋ ಹಾಗಿಲ್ಲ, ಸರಿ. ನಾವೇ ಹೊರಗೆ ಬಂದು ತಿಂತೀವಿ" ಎಂದೆ.

"ಗ್ರಾಹಕರ ಮುಂದೆ ಸಿಬ್ಬಂದಿ ತಿನ್ನಬಾರ್ದು. ಅದನ್ನೂ ನಾನೇ ಬರೆದಿದ್ದು."

"ಗ್ರಾಹಕರು ಯಾರೂ ಇಲ್ವಲ್ಲ?"

"ನಾನಿದ್ದೀನಲ್ಲಯ್ಯ."

ತಟ್ಟೆ ಕೊಟ್ಟರು. ನಾವು ಒಳಗೆ ಕೂತು ತಿಂದೆವು. ಹನ್ನೆರಡಕ್ಕೆ ಎಲ್ಲರೂ ಗಾಜಿನ ಬಳಿ ಸಾಲಾಗಿ ನಿಂತು "ಮಾಲ್‌ತ್ಸೈಟ್" ಎಂದು ಕೂಗಿದೆವು. ಆ ಕಡೆ ಅವರ ತುಟಿ ಅಲ್ಲಾಡಿತು. ದಪ್ಪ ಗಾಜು, ಏನೂ ಕೇಳಿಸಲಿಲ್ಲ.

ತಟ್ಟೆಯಲ್ಲಿ ಒಂದು ತುಂಡು ಉಳಿದಿತ್ತು. ನಾವು ಹದಿನಾರು ಜನ, ಅವರು ಹದಿನೇಳು ಕತ್ತರಿಸಿದ್ದರು. ಅದನ್ನು ಹಿಡಿದು ಓಡುವಷ್ಟರಲ್ಲಿ ಹಜಾರ ಖಾಲಿಯಾಗಿತ್ತು. ಗಾಜಿನ ಆಚೆ ಬದಿಗೆ ಕಟ್ಟಿದ್ದ ಉಸಿರಿನ ಆವಿ ಇನ್ನೂ ಆರಿರಲಿಲ್ಲ.