‘ಹಿರಿಯರಿಗೆ’ ಎಂಬ ಚೀಟಿ

ನಮ್ಮ ಮಾವನ ಗಾಲ್ಫ್ ಅಂಗಡಿಗೆ ನಿವೃತ್ತ ನ್ಯಾಯಾಧೀಶರೊಬ್ಬರು ಹೆಂಡತಿಯೊಡನೆ ಬಂದರು. ಗಾಲ್ಫ್ ಆಡಲು ಹಗುರವಾದ ಐರನ್ ದಾಂಡು ಹಿಡಿಯದಿದ್ದರೆ ಭುಜಕ್ಕೆ ಶಸ್ತ್ರಚಿಕಿತ್ಸೆ ತಪ್ಪದೆಂದು ವೈದ್ಯರು ಹೇಳಿದ್ದರಂತೆ. ಮಾವ ಏಳು ದಾಂಡುಗಳ ಹಗುರವಾದ ಸೆಟ್ಟಿನಿಂದ ಒಂದನ್ನು ತೆಗೆದುಕೊಟ್ಟರು. ಅದರ ಕೋಲಿನ ಮೇಲೆ ‘ಹಿರಿಯರಿಗೆ’ ಎಂಬ ಚೀಟಿ ಕಂಡದ್ದೇ ನ್ಯಾಯಾಧೀಶರ ಮುಖ ಸೊಟ್ಟಗಾಯಿತು.

“ಇದು ಮುದುಕರಿಗೆ ಕಣಯ್ಯ. ನನಗೆ ಭಾರದ್ದು ಕೊಡು.”

ಎಪ್ಪತ್ತೆರಡರ ಈ ತರುಣನಿಗೆ ಏನು ಹೇಳುವುದು? ನಾನು ಅದನ್ನು ಒಳಗೆ ಒಯ್ದು, ಚೀಟಿಯನ್ನು ಉಗುರಿನಿಂದ ಕೆರೆದು, ಅದನ್ನೇ ತಂದುಕೊಟ್ಟೆ.

ಅವರು ಬೀಸಿ ನೋಡಿ ಎದೆಯುಬ್ಬಿಸಿದರು. “ನೋಡಿದೆಯಾ, ಗಂಡಸಿನ ಕೈಗೆ ಇಂಥದ್ದು ಬೇಕು.”

ಜೀವಮಾನವಿಡೀ ಇವರು ಸಾಕ್ಷಿಗಳನ್ನು ತೂಗಿದ್ದೂ ಹೀಗೆಯೇ ಇರಬೇಕು.

ಹೆಂಡತಿ ನನ್ನ ಉಗುರಿಗೆ ಮೆತ್ತಿದ್ದ ಅಂಟನ್ನು ನೋಡಿದರು. ಪಕ್ಕಕ್ಕೆ ಬಂದು ಮೆಲ್ಲಗೆ, “ಉಳಿದ ಆರಕ್ಕೂ ಹಾಗೇ ಮಾಡಿಬಿಡಮ್ಮ,” ಎಂದರು.