ಗೋಡೆಯೊಳಗಿನ ನೀರು

ರೂಸೆ ಪಟ್ಟಣದ ಹಳೇ ಕಾಂಕ್ರೀಟ್ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಸೆವ್ದಾಳ ಮನೆ. ಗಂಡ ಲ್ಯೂಬೆನ್ ತೀರಿಕೊಂಡು ಎರಡು ವರ್ಷವಾಗಿತ್ತು. ಬಚ್ಚಲುಮನೆಯ ನೀಲಿ ಟೈಲ್ಸ್ ಅವನೇ ಕೂರಿಸಿದ್ದು. ಹಾಸಿಗೆ ಹಿಡಿಯುವ ಮುಂಚಿನ ಕೊನೆಯ ಕೆಲಸ.

ಮಾರ್ಚಿನಲ್ಲಿ ಮೊದಲು ಒದ್ದೆ ಸುಣ್ಣದ ವಾಸನೆ ಬಂತು. ಆಮೇಲೆ ಬಿಸಿನೀರು ಬಿಡದಿದ್ದಾಗಲೂ ಮೂರು ಟೈಲ್ಸ್ ಬೆಚ್ಚಗಿರತೊಡಗಿದವು. ಸೆವ್ದಾ ಅಂಗೈಯಿಟ್ಟು ನೋಡಿದಳು. ಕಿಟಕಿ ತೆರೆದಿಟ್ಟು ಸುಮ್ಮನಾದಳು.

ಕೆಳಗಿನ ಮನೆಯ ಗೆಂಚೋ ನಲವತ್ತು ವರ್ಷ ಪ್ಲಂಬರ್ ಆಗಿದ್ದವನು. ಒಂದು ಭಾನುವಾರ ಮೇಲೆ ಬಂದ.

"ಸೆವ್ದಾ, ನಮ್ಮ ಬಚ್ಚಲ ಸೂರಲ್ಲಿ ತಟ್ಟೆಯಗಲ ಹಳದಿ ಕಲೆ ಬಿದ್ದಿದೆ. ನಿನ್ನ ನಲ್ಲಿಗಳನ್ನೆಲ್ಲ ಮುಚ್ಚು, ನೋಡೋಣ."

ಮುಚ್ಚಿದಳು. ಆದರೂ ಬಿಸಿನೀರಿನ ಮೀಟರಿನ ಪುಟ್ಟ ಚಕ್ರ ತಿರುಗುತ್ತಲೇ ಇತ್ತು.

"ನೋಡಿದ್ಯಾ? ಯಾರೂ ಬಳಸದ ನೀರು ಎಲ್ಲಿಗೆ ಹೋಗ್ತಿದೆ? ಗೋಡೆ ಒಡೀಲೇಬೇಕು ಕಣಮ್ಮ."

"ಲ್ಯೂಬೆನ್ ಹಾಕಿದ ಟೈಲ್ಸ್, ಗೆಂಚೋ ಅಣ್ಣ."

"ಅವನಿದ್ದಿದ್ರೆ ಸುತ್ತಿಗೆ ಅವನೇ ತರ್ತಿದ್ದ. ಹೋಗ್ಲಿ, ಅಲ್ಲೀವರೆಗೆ ಬಿಸಿನೀರಿನ ವಾಲ್ವ್ ಆದ್ರೂ ಮುಚ್ಚಿಡು."

ಎರಡು ದಿನ ಮುಚ್ಚಿಟ್ಟಳು. ತಣ್ಣೀರ ಸ್ನಾನ ಸಾಕಾಗಿಹೋಗಿ ಮತ್ತೆ ತೆರೆದಳು. ಗೋಡೆಯ ಮಾತೆತ್ತಿದರೆ ಈಸ್ಟರ್ ಕಳೀಲಿ ಅಂದಳು; ಈಸ್ಟರ್ ಕಳೆದ ಮೇಲೆ ನೆಗಡಿ ಅಂದಳು. ಗೆಂಚೋನ ಹೆಂಡತಿ ಗಾನ್ಕಾ ಮೆಟ್ಟಿಲಲ್ಲಿ ಸಿಕ್ಕಾಗ ಹಂಗಿಸಿದಳು: "ಕೊಡೆ ಹಿಡ್ಕೊಂಡು ಸ್ನಾನ ಮಾಡೋ ಹಾಗಾಗಿದೆ ಕಣೇ ನಮ್ಮನೇಲಿ!" ಇಬ್ಬರೂ ನಕ್ಕರು.

ಮೇ ತಿಂಗಳ ಒಂದು ಬೆಳಿಗ್ಗೆ ಕೆಳಗೆ ದೊಪ್ಪೆಂದು ಸದ್ದಾಯಿತು, ಹಿಂದೆಯೇ ಗೆಂಚೋನ ಕೂಗು. ಸೆವ್ದಾ ಬರಿಗಾಲಲ್ಲಿ ಓಡಿದಳು. ನೆನೆದು ಭಾರವಾಗಿದ್ದ ಸೂರಿನ ಗಾರೆ, ಬಟ್ಟೆ ಒಗೆಯುತ್ತಿದ್ದ ಗಾನ್ಕಾಳ ಮೇಲೆ ಕಳಚಿ ಬಿದ್ದಿತ್ತು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹದಿನೇಳನೇ ದಿನ ಶ್ವಾಸಕೋಶಕ್ಕೆ ಸೋಂಕು ತಗುಲಿ ಗಾನ್ಕಾ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮಧ್ಯಾಹ್ನ ಸೆವ್ದಾ ತಾನೇ ಸುತ್ತಿಗೆ ಎತ್ತಿದಳು. ಒಂದೊಂದೇ ಏಟಿಗೆ ಟೈಲ್ಸ್ ಉದುರಿದವು. ಹಿಂದೆ ಗಾರೆ ಕೆಸರಾಗಿತ್ತು. ಕೊಳವೆಯ ಜೋಡಣೆಯಲ್ಲಿ ಗುಂಡುಸೂಜಿ ತೂರುವಷ್ಟು ತೂತು.

ಸದ್ದು ಕೇಳಿ ಗೆಂಚೋ ತನ್ನ ಸಾಮಾನಿನ ಚೀಲ ಹಿಡಿದು ಬಂದ. ಮಂಡಿಯೂರಿ ಜೋಡಣೆ ಬದಲಿಸಿದ. ಅರ್ಧ ಗಂಟೆಯೂ ಹಿಡಿಯಲಿಲ್ಲ.

"ನೀವು ಹೇಳೋಕೆ ಮುಂಚೇನೇ ನಂಗೆ ಗೊತ್ತಿತ್ತು ಅಣ್ಣ," ಅಂದಳು ಸೆವ್ದಾ.

"ನಂಗೂ ಗೊತ್ತಿತ್ತು. ನೆಲಮಾಳಿಗೆಗೆ ಹೋಗಿ ಇಡೀ ಕಟ್ಟಡದ ಬಿಸಿನೀರೇ ನಿಲ್ಲಿಸಬಹುದಿತ್ತು. ದಾಕ್ಷಿಣ್ಯ ಮಾಡ್ಕೊಂಡು ಕೂತೆ."

ಕೈ ಒರೆಸಿಕೊಂಡು ಎದ್ದ. "ಗಾನ್ಕಾಳ ನಲವತ್ತನೇ ದಿನದ ಪ್ರಾರ್ಥನೆಗೆ ನೀನು ಬರಬೇಡ. ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಸೆವ್ದಾ ಹೋಗಲಿಲ್ಲ.